ಬಗ್ಗದ ಕಿರುಬೆರಳು

ಜುಲೈ 18

ಭಾವನವರಿಗೆ,

ನಿಮ್ಮ ಮಗಳು ನನ್ನ ಮಾನ ಉಳಿಸಿದಳು. ಎರಡು ವರ್ಷ ನನ್ನ ಮನೆಯಲ್ಲಿದ್ದು ಕೋಚಿಂಗಿಗೆ ಹೋದದ್ದು ದಂಡವಾಗಲಿಲ್ಲ. ಒಂದು ಸಿಕ್ಕರೆ ಸಾಕು ಎಂದುಕೊಂಡಿದ್ದ ಮೆಡಿಕಲ್ ಸೀಟು ಎರಡು ಸಿಕ್ಕಿವೆ. ಒಂದು ನಿಮ್ಮೂರಿನ ಹಳೆ ಕಾಲೇಜಿನಲ್ಲಿ, ಇನ್ನೊಂದು ಇಲ್ಲೇ ಬೈಪಾಸ್ ಪಕ್ಕ ಎದ್ದಿರುವ ಹೊಸ ಕಾಲೇಜಿನಲ್ಲಿ. ಆಗಸ್ಟ್ ಹತ್ತರೊಳಗೆ ಒಂದನ್ನು ಬಿಟ್ಟುಕೊಡಬೇಕು. ಫೋನಿನಲ್ಲೇ ಹೇಳುತ್ತಿದ್ದೆ, ಆದರೆ ಗಿರಣಿಯ ಮಗ್ಗಗಳು ನಿಮ್ಮ ಕಿವಿಯನ್ನು ತಿಂದು ತೇಗಿವೆಯಲ್ಲ. ನಾನು ಕಿರುಚಿದರೆ ಇಡೀ ಬೀದಿಗೆ ಕೇಳುತ್ತದೆ, ನಿಮಗೊಬ್ಬರಿಗೆ ಬಿಟ್ಟು.

ಕುಳ್ಳಿ ಸುದ್ದಿ ಕೇಳಿ ಕುಣಿಯಲಿಲ್ಲ. (ಈಗ ನಿಮಗಿಂತ ಉದ್ದ ಬೆಳೆದಿದ್ದಾಳೆ, ನೀವಿಟ್ಟ ಅಡ್ಡಹೆಸರು ಮಾತ್ರ ಹಾಗೇ ಅಂಟಿಕೊಂಡಿದೆ.) ಟೀ ಲೋಟ ಹಿಡಿದು ಕಿಟಕಿಯ ಹತ್ತಿರ ನಿಂತಳು, ಥೇಟ್ ಅಕ್ಕನ ಹಾಗೆ ಕಿರುಬೆರಳು ಎತ್ತಿಕೊಂಡು. ಅಕ್ಕನ ಬೆರಳು ಬಗ್ಗುತ್ತಿರಲಿಲ್ಲ, ಎತ್ತದೆ ಅವಳಿಗೆ ವಿಧಿಯಿರಲಿಲ್ಲ. ಇವಳಿಗೇನು ಬಂದಿದೆ? ಮಗುವಾಗಿದ್ದಾಗ ಬಾಗಿಲು ಬಡಿದು ಅಮ್ಮನ ಬೆರಳು ಜಜ್ಜಿದವಳು ತಾನೇ ಎಂದು ತಿಳಿದ ದಿನದಿಂದ ಹೀಗೇ ಹಿಡಿಯುತ್ತಾಳೆ. ಆಮೇಲೆ ತಿರುಗಿ ಹೇಳಿದಳು: "ಚಿಕ್ಕಮ್ಮ, ನಾನು ಮನೆಗೆ ಹೋಗ್ತೀನಿ. ಹಳೆ ಕಾಲೇಜೇ ಆಗ್ಲಿ. ಅಪ್ಪ ಒಬ್ರೇ ಇದ್ದಾರೆ."

ಭಾವ, ಅಲ್ಲಿಗೆ ನನ್ನ ಸಂಭ್ರಮದ ಗಾಳಿ ಇಳಿಯಿತು. ಅವಳು ಹೋಗುತ್ತೇನೆ ಎನ್ನುತ್ತಿರುವ ಆ ಕಾಲೇಜಿನಲ್ಲೇ ಅವಳಮ್ಮ ಇದ್ದಾಳೆ. ಮೇ ತಿಂಗಳಲ್ಲಿ, ಇವಳ ಪರೀಕ್ಷೆಯ ಹಿಂದಿನ ದಿನ ಅಕ್ಕ ಹೋದಳು. ಪರೀಕ್ಷೆ ಕೆಡಬಾರದೆಂದು ಇವಳಿಗೆ ತಿಳಿಸಲಿಲ್ಲ. ಮುಗಿದ ಮೇಲೆ "ಸುಟ್ಟು ಬಂದ್ವಿ" ಎಂದು ನೀವು ಹೇಳಿದಿರಿ, ಪಕ್ಕದಲ್ಲಿ ನಿಂತು ನಾನು ತಲೆಯಾಡಿಸಿದೆ. ಡಾಕ್ಟರಿಕೆ ಓದುವ ಮಕ್ಕಳು ಕುಯ್ದು ಕಲಿಯಲಿ ಎಂದು ಅಕ್ಕ ತನ್ನ ದೇಹವನ್ನು ಕಾಲೇಜಿಗೆ ಬರೆದುಕೊಟ್ಟಿದ್ದಳು ಎನ್ನಲು ನಮ್ಮಿಬ್ಬರಿಗೂ ಬಾಯಿ ಬರಲಿಲ್ಲ. ಈಗ ಹೇಳಲೇಬೇಕು. ನೀವು ಹೇಳುತ್ತೀರೋ, ನಾನು ಹೇಳಲೋ?

ಉತ್ತರವನ್ನು ಶಾಲೆಯ ವಿಳಾಸಕ್ಕೇ ಬರೆಯಿರಿ. ಮನೆಗೆ ಬಂದರೆ ಅವಳೇ ಮೊದಲು ಒಡೆಯುತ್ತಾಳೆ.

ನಿಮ್ಮ ನಾದಿನಿ


ಜುಲೈ 24

ಟೀಚರಮ್ಮನಿಗೆ,

ನಿನ್ನ ಕಾಗದ ಓದಿ ಗಿರಣಿಯಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದೆ. ಅವರು ಏನಂದರೋ ಕೇಳಿಸಲಿಲ್ಲ, ಬೆನ್ನು ತಟ್ಟಿದ್ದು ಮಾತ್ರ ಗೊತ್ತಾಯಿತು.

ಮಾರನೆಯ ದಿನ ಪಾಳಿ ಬದಲಾಯಿಸಿಕೊಂಡು ಹಳೆ ಕಾಲೇಜಿನ ಅನಾಟಮಿ ವಿಭಾಗಕ್ಕೆ ಹೋದೆ. ನನ್ನ ಹೆಂಡತಿಯನ್ನು ಯಾವಾಗ ಮೇಜಿಗೆ ತರುತ್ತೀರಿ ಎಂದು ಗುಮಾಸ್ತನನ್ನು ಕೇಳಿದೆ. ಹೀಗೆ ಕೇಳುವ ಗಂಡಸು ಲೋಕದಲ್ಲಿ ನಾನೊಬ್ಬನೇ ಇರಬೇಕು. ಅವನು ಹಾಳೆಯ ಮೇಲೆ ಬರೆದು ತೋರಿಸಿದ: ಈ ಸಲ ಸೇರುವ ಮಕ್ಕಳಿಗೆ. ಕಾರಿಡಾರಿನಲ್ಲಿ ಬಿಳಿ ಕೋಟಿನ ಹುಡುಗರು ನಗುತ್ತಾ ಹೋಗುತ್ತಿದ್ದರು. ಮದ್ದಿನ ವಾಸನೆಗೆ ನನ್ನ ಕಣ್ಣಲ್ಲಿ ನೀರು ಬಂತು. ವಾಸನೆಗೇ ಬಂತು ಎಂದಿಟ್ಟುಕೋ.

ಅವಳಿಗೆ ಹೇಳಬೇಡ. ಸಹಿ ಹಾಕುವ ದಿನ ನಿನ್ನಕ್ಕ ಏನಂದಳು ಗೊತ್ತೇ? "ನಮ್ಮ ಕುಳ್ಳಿಗೂ ಕಲಿಯೋಕೆ ಯಾರೋ ಒಬ್ಬರು ಸಿಕ್ಕಬೇಕಲ್ಲ. ಅವರ ಮನೆಯವರೂ ಹೀಗೇ ಕೊಡಬೇಕಲ್ಲ." ಇದನ್ನು ಮಗಳಿಗೆ ಹೇಳಿ ಹೆಮ್ಮೆಪಡಬಹುದು ಎಂದು ನೀನು ಅನ್ನುತ್ತೀಯ. ಆದರೆ ಅವಳು ಮೊದಲು ಕೇಳುವುದು ಅದನ್ನಲ್ಲ. ನನ್ನನ್ನು ಯಾಕೆ ಕರೆಸಲಿಲ್ಲ ಎಂದು ಕೇಳುತ್ತಾಳೆ. ಕೊನೆಯ ದಿನ ಅವಳಮ್ಮ ಬಾಗಿಲ ಕಡೆಯೇ ನೋಡುತ್ತಿದ್ದಳು. ಕರೆಸಲಾ ಅಂದೆ. ಬೇಡ ಎಂದು ತಲೆಯಾಡಿಸಿದಳು, ಮತ್ತೆ ಬಾಗಿಲು ನೋಡಿದಳು. ನಾನು ತಲೆಯಾಡಿಸಿದ್ದನ್ನು ಲೆಕ್ಕಕ್ಕೆ ತೆಗೆದುಕೊಂಡೆ, ಬಾಗಿಲು ನೋಡಿದ್ದನ್ನು ಬಿಟ್ಟೆ. ಇದನ್ನು ಮಗಳ ಮುಖ ನೋಡಿ ಹೇಳುವ ಗಂಡಸು ನಾನಲ್ಲ.

ಹೊಸ ಕಾಲೇಜಿಗೆ ಸೇರಿಸು. ಹೇಗಾದರೂ ಮಾಡಿ ಒಪ್ಪಿಸು. ತಾಯಿಯ ಮೈಮೇಲೆ ಮಗಳು ಕತ್ತಿ ಇಡುವುದು ಬೇಡ.

ನಿನ್ನ ಭಾವ


ಜುಲೈ 29

ಭಾವನವರಿಗೆ,

ಒಪ್ಪಿಸು ಎಂದು ಒಂದು ಸಾಲು ಬರೆದು ನೀವು ಕೈತೊಳೆದುಕೊಂಡಿರಿ. ನಿಮ್ಮ ಮಗಳು ಹಿಡಿದ ಹಟ ಬಿಡುವವಳೇ? ಭಾನುವಾರ ಹೊಸ ಕಾಲೇಜು ತೋರಿಸಲು ಕರೆದುಕೊಂಡು ಹೋದೆ. ಗೋಡೆಯ ಸಿಮೆಂಟಿನ್ನೂ ಹಸಿ. ಲಿಫ್ಟಿಗೆ ಹಲಗೆ ಬಡಿದಿದ್ದಾರೆ. ಬೆಂಚುಗಳ ಮೇಲಿನ ಪ್ಲಾಸ್ಟಿಕ್ ಕೂಡ ತೆಗೆದಿಲ್ಲ. ಆಸ್ಪತ್ರೆಯ ವಾರ್ಡಿನಲ್ಲಿ ರೋಗಿಗಳಿಗಿಂತ ಬಣ್ಣ ಬಳಿಯುವವರೇ ಹೆಚ್ಚು. ನಾನು "ಎಷ್ಟು ಗಾಳಿ ಬೆಳಕು ನೋಡು" ಅಂದೆ. ಅವಳು "ಗಾಳಿ ಬೆಳಕು ಇರತ್ತೆ ಚಿಕ್ಕಮ್ಮ, ಕಿಟಕಿಗೆ ಗಾಜೇ ಇಲ್ವಲ್ಲ" ಅಂದಳು.

ವಾಪಸು ಬರುವಾಗ ಬಸ್ಸಿನಲ್ಲಿ ತನ್ನ ಯೋಜನೆ ಬಿಚ್ಚಿದಳು. ಅಪ್ಪನ ಕಿವಿಗೆ ಒಳ್ಳೆಯ ಮೆಷಿನ್ ಹಾಕಿಸಬೇಕಂತೆ. ಅಡುಗೆಮನೆಯ ಬಲ್ಬು ಅಮ್ಮ ಇದ್ದಾಗಲೇ ಮಿಣುಕುತ್ತಿತ್ತಂತೆ, ನೀವು ಖಂಡಿತ ಬದಲಾಯಿಸಿರುವುದಿಲ್ಲವಂತೆ. "ಅಮ್ಮ ಹೋದಾಗ ನಾನಿರಲಿಲ್ಲ. ಅಪ್ಪನಿಗಾದ್ರೂ ಇರ್ತೀನಿ" ಅಂದಳು. ನಾನು ಕಿಟಕಿಯಾಚೆ ನೋಡಿದೆ.

ಸತ್ಯ ಹೇಳಿಬಿಡೋಣ ಎಂದು ಈಗಲೂ ನನಗನ್ನಿಸುತ್ತದೆ. ನೀವು ಬೇಡವೆಂದರೆ ಬೇಡ. ನಿಮಗೋಸ್ಕರ ಅವಳನ್ನು ಇಲ್ಲೇ ಇಟ್ಟುಕೊಳ್ಳುತ್ತೇನೆ, ನನಗೇನೂ ಭಾರವಲ್ಲ. ಅವಳ ಕೋಣೆಗೆ ಹೇಗೂ ಸುಣ್ಣ ಹೊಡೆಸಿದ್ದೇನೆ, ಹೊಸ ಮೇಜೂ ಬಂದಿದೆ. ಅದೆಲ್ಲ ಮೊದಲೇ ಆಗಬೇಕಿದ್ದ ಕೆಲಸ.

ನಿಮ್ಮ ನಾದಿನಿ


ಆಗಸ್ಟ್ 2

ಟೀಚರಮ್ಮನಿಗೆ,

ಬಲ್ಬು ಬದಲಾಯಿಸಿದೆ. ಅವಳಿಗೆ ಹೇಳು.

ನೀನು ಒಂಟಿ ಜೀವ, ನಿನ್ನ ಪಾಡಿಗೆ ನೀನಿದ್ದವಳು. ನನ್ನ ಸಲುವಾಗಿ ಇನ್ನೂ ಐದು ವರ್ಷ ಅವಳ ಜವಾಬ್ದಾರಿ ಹೊರುತ್ತೀಯಲ್ಲ, ನಿನ್ನ ದೊಡ್ಡ ಮನಸ್ಸು. ಆದರೆ ಅವಳು ಬಸ್ಸಿನಲ್ಲಿ ಆಡಿದ ಮಾತು ನನ್ನನ್ನು ಕೂರಲು ಬಿಡುತ್ತಿಲ್ಲ. ಹತ್ತನೇ ತಾರೀಖಿನವರೆಗೆ ಅವಸರ ಮಾಡಬೇಡ. ಸುಮ್ಮನೆ ಕಾಯಿ. ಕಾರಣ ಈಗ ಬರೆಯಲಾರೆ, ಕೈಗೂಡದಿದ್ದರೆ ಇಬ್ಬರಿಗೂ ಬೇಸರ.

ನಿನ್ನ ಭಾವ


ಆಗಸ್ಟ್ 7

ಭಾವನವರಿಗೆ,

ನಿಮ್ಮ ಕೆಲಸ ಆಯಿತು. ಕುಳ್ಳಿ ನಿನ್ನೆ ಹಳೆ ಕಾಲೇಜಿನ ಸೀಟು ಬಿಟ್ಟುಕೊಟ್ಟಳು. ಹತ್ತರವರೆಗೆ ಕಾಯಿ ಎಂದಿರಿ, ಆದರೆ ಕಾದಷ್ಟೂ ಅವಳ ಪೆಟ್ಟಿಗೆ ತುಂಬುತ್ತಿತ್ತು. ಪುಸ್ತಕಗಳನ್ನೆಲ್ಲ ಹಗ್ಗ ಹಾಕಿ ಕಟ್ಟಿ ಬಾಗಿಲ ಹತ್ತಿರ ತಂದಿಟ್ಟುಬಿಟ್ಟಿದ್ದಳು. ನೀವು ಕೊನೆಯ ಘಳಿಗೆಯಲ್ಲಿ ಮೆತ್ತಗಾಗುತ್ತೀರಿ ಎಂದು ನನಗೆ ಗೊತ್ತಿಲ್ಲವೇ?

ಹೇಗೆ ಒಪ್ಪಿಸಿದೆ ಎಂದು ಕೇಳಬೇಡಿ. ಒಪ್ಪಿದಳು. ಕಟ್ಟಿದ ಪುಸ್ತಕಗಳನ್ನು ಬಿಚ್ಚಿ ಹೊಸ ಮೇಜಿನ ಮೇಲೆ ಜೋಡಿಸಿಕೊಟ್ಟೆ. ಅವಳು ಹಗ್ಗವನ್ನು ಕೈಗೆ ಸುತ್ತಿಕೊಂಡು ನೋಡುತ್ತಿದ್ದಳು. ಊಟಕ್ಕೆ ಕರೆದರೆ ಹಸಿವಿಲ್ಲ ಅಂದಳು. ಎರಡು ದಿನ ಹೋದರೆ ಸರಿಹೋಗುತ್ತಾಳೆ.

ನಿಮ್ಮ ನಾದಿನಿ


ಆಗಸ್ಟ್ 8

ಟೀಚರಮ್ಮನಿಗೆ,

ಕುಳ್ಳಿ ಮನೆಗೆ ಬರಬಹುದು! ಅವಳ ಪೆಟ್ಟಿಗೆ ಕಟ್ಟಿಸು.

ನನಗೆ ಹೊಳೆದ ದಾರಿ ಇಷ್ಟೇ. ಮಗಳು ಬರಬೇಕು, ತಾಯಿ ಅವಳ ಕಣ್ಣಿಗೆ ಬೀಳಬಾರದು. ಹಾಗಾದರೆ ತಾಯಿಯನ್ನೇ ಕಳಿಸಿದರಾಯಿತು. ಅನಾಟಮಿ ವಿಭಾಗದ ಮುಖ್ಯಸ್ಥರು ಒಬ್ಬ ಹೆಂಗಸು, ವಯಸ್ಸಾದವರು. ಮಗಳು ಇಲ್ಲೇ ಸೇರುತ್ತಾಳೆ ಎಂದು ಹೇಳಿ ಅವರೆದುರು ಕೂತು ಅತ್ತುಬಿಟ್ಟೆ. ಅವರು ಹಾಳೆಯ ಮೇಲೆ ಬರೆದು ತೋರಿಸಿದರು. ದೇಹಗಳು ಹೆಚ್ಚಿರುವ ಕಾಲೇಜಿನಿಂದ ಇಲ್ಲದ ಕಾಲೇಜಿಗೆ ಕೊಡುವ ಪದ್ಧತಿ ಇದೆಯಂತೆ. ಹೀಗೆ ಕೆಲವರನ್ನು ಬೇರೆ ಕಡೆ ಕಳಿಸಲಿದ್ದಾರಂತೆ, ಅವರ ಜೊತೆ ಇವಳನ್ನೂ ಸೇರಿಸುತ್ತಾರಂತೆ. ಯಾವ ಕಾಲೇಜಿಗೆ ಎಂದು ಮನೆಯವರಿಗೆ ಹೇಳುವ ಹಾಗಿಲ್ಲ, ನಾನೂ ಕೇಳಲಿಲ್ಲ. ಎಲ್ಲಿದ್ದರೂ ಅವಳು ಹೇಳಿದ ಕೆಲಸವನ್ನೇ ಮಾಡುತ್ತಿರುತ್ತಾಳಲ್ಲ.

ಹೊರಗೆ ಬಂದು ಗೇಟಿನ ಹತ್ತಿರ ಟೀ ಕುಡಿದೆ. ಅವಳು ಹೋದ ಮೇಲೆ ಬಾಯಿಗೆ ರುಚಿ ಹತ್ತಿದ್ದು ಇದೇ ಮೊದಲು.

ನಿನ್ನ ಭಾವ


ಆಗಸ್ಟ್ 13

ಟೀಚರಮ್ಮನಿಗೆ,

ನಿನ್ನ ಕಾಗದ ಬಂತು. ನನ್ನದು ನಿನಗೆ ತಲುಪುವ ಹೊತ್ತಿಗೆ ಎಲ್ಲ ಮುಗಿದಿತ್ತು. ಕಾಲೇಜಿನ ಕಚೇರಿಗೆ ಹೋಗಿ ವಿಚಾರಿಸಿದೆ. ಬಿಟ್ಟ ಸೀಟು ಬೇರೆ ಮಗುವಿಗೆ ಹೋಯಿತಂತೆ, ಹಿಂದಕ್ಕೆ ಬರುವುದಿಲ್ಲವಂತೆ.

ನಿನ್ನನ್ನು ಬೈಯಲಾರೆ. ಒಪ್ಪಿಸು ಎಂದು ಬರೆದವನು ನಾನೇ. ಯಾಕೆ ಕಾಯಬೇಕು ಎಂದು ಹೇಳದೆ ಬಾಯಿ ಮುಚ್ಚಿಕೊಂಡು ಕೂತವನೂ ನಾನೇ. ಆದರೆ ಒಂದು ಕೇಳುತ್ತೇನೆ, ಹೇಳು. ಕುಳ್ಳಿಯಿಂದ ಕಾಗದ ಬಂದಿದೆ. ಅದರಲ್ಲಿ "ನೀವು ಸುಖವಾಗಿರಿ ಅಪ್ಪ" ಎಂಬ ಒಂದೇ ಸಾಲು. ಅವಳು ನನಗೆ ಎಂದೂ ಹೀಗೆ ಬರೆದವಳಲ್ಲ. ಅವಳಿಗೆ ಏನು ಹೇಳಿದೆ?

ನಿನ್ನ ಭಾವ


ಅಕ್ಟೋಬರ್ 3

ಭಾವನವರಿಗೆ,

ಇಷ್ಟು ದಿನ ಬರೆಯದೆ ತಲೆತಪ್ಪಿಸಿಕೊಂಡೆ. ಕಾಪಿ ಹೊಡೆದು ಸಿಕ್ಕಿಬಿದ್ದ ಹುಡುಗಿಯರಿಗೆ ನಾನು ತರಗತಿಯಲ್ಲಿ ಹೇಳುವ ಬುದ್ಧಿವಾದವೆಲ್ಲ ನನಗೇ ನೆನಪಾಗುತ್ತಿದೆ.

ನಿಮಗೆ ಮತ್ತೆ ಮದುವೆಯ ಮಾತು ನಡೆಯುತ್ತಿದೆ ಎಂದು ಹೇಳಿದೆ. ದೊಡ್ಡ ಮಗಳು ಮನೆಯಲ್ಲಿದ್ದರೆ ಆ ಹೆಂಗಸಿಗೆ ಇರುಸುಮುರುಸು, ಅಪ್ಪ ಬಾಯಿಬಿಟ್ಟು ಹೇಳಲಾರರು, ನೀನೇ ಅರ್ಥ ಮಾಡಿಕೊಳ್ಳಬೇಕು ಎಂದೆ. ಅವಳು "ಅಮ್ಮ ಹೋಗಿ ಇನ್ನೂ ಮೂರು ತಿಂಗಳು ಚಿಕ್ಕಮ್ಮ" ಅಂದಳು, ಅಷ್ಟೇ. ಬೆಳಿಗ್ಗೆ ಹೋಗಿ ಸೀಟು ಬಿಟ್ಟು ಬಂದಳು.

ಬೈಯಿರಿ. ಆದರೆ ಇನ್ನೂ ಒಂದು ಹೇಳುತ್ತೇನೆ, ಅದಕ್ಕೂ ಸೇರಿಸಿ ಬೈಯಿರಿ. ನಿಮಗೋಸ್ಕರ ಮಾಡಿದೆ ಎಂದು ನೀವು ತಿಳಿದಿರಿ. ಅಲ್ಲ ಭಾವ. ಎರಡು ವರ್ಷ ಸಂಜೆ ನಾನು ಬೀಗ ತೆಗೆದು ಕತ್ತಲ ಮನೆಗೆ ಕಾಲಿಡಬೇಕಾಗಿರಲಿಲ್ಲ. ಒಳಗೆ ದೀಪ ಇರುತ್ತಿತ್ತು, ಇವಳಿರುತ್ತಿದ್ದಳು. ಅದನ್ನು ಬಿಟ್ಟುಕೊಡಲು ನನ್ನಿಂದ ಆಗಲಿಲ್ಲ.

ಈಗ ಮುಖ್ಯ ವಿಷಯ. ಕ್ಲಾಸು ಶುರುವಾದರೂ ಇವರ ಅನಾಟಮಿ ಹಾಲಿಗೆ ಬೀಗ ಬಿದ್ದಿತ್ತು, ದೇಹಗಳೇ ಇರಲಿಲ್ಲ. ಕಳೆದ ವಾರ ಹೊರಗಿನ ಯಾವುದೋ ಕಾಲೇಜಿನಿಂದ ವ್ಯಾನಿನಲ್ಲಿ ಬಂದವಂತೆ. ಮೊದಲ ದಿನ ಮುಗಿಸಿ ಬಂದವಳು ಬಚ್ಚಲಿನಲ್ಲಿ ತುಂಬಾ ಹೊತ್ತು ನೀರು ಬಿಟ್ಟುಕೊಂಡಿದ್ದಳು. ಬಾಗಿಲು ತಟ್ಟಿದೆ. "ಎಲ್ಲರಿಗೂ ಹೀಗೇ ಆಗತ್ತಂತೆ ಚಿಕ್ಕಮ್ಮ" ಎಂದಳು. ಊಟ ಬಿಟ್ಟಿಲ್ಲ, ಕ್ಲಾಸೂ ತಪ್ಪಿಸಿಲ್ಲ. ಮಧ್ಯಾಹ್ನ ಆ ಹಾಲಿಗೆ ಎಲ್ಲರಿಗಿಂತ ಮೊದಲು ಹೋಗುತ್ತಾಳಂತೆ. ಯಾವ ಊರಿನಿಂದ ಬಂದವು ಎಂದು ಕೇಳಲು ನನ್ನ ನಾಲಿಗೆ ಏಳುತ್ತಿಲ್ಲ. ನೀವು ಆ ಮುಖ್ಯಸ್ಥರನ್ನು ಕೇಳಿ. ಅಲ್ಲ ಎಂದು ಅವರು ಹೇಳಲಿ, ನಾನು ನೆಮ್ಮದಿಯಾಗಿ ಉಸಿರಾಡುತ್ತೇನೆ.

ನಿಮ್ಮ ನಾದಿನಿ


ಅಕ್ಟೋಬರ್ 8

ತಂಗೀ,

ಹೋಗಿ ಕೇಳಿದೆ. ಬೈಪಾಸ್ ಪಕ್ಕದ ಹೊಸ ಕಾಲೇಜಿಗೇ ಕಳಿಸಿದಿರಾ ಎಂದೆ. ಮಗಳು ಈಗ ಅಲ್ಲಿ ಓದುತ್ತಿದ್ದಾಳೆ ಎಂದೂ ಹೇಳಿದೆ. ಆ ಮುಖ್ಯಸ್ಥರು ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಪೆನ್ನು ಹಿಡಿದರು. ಏನೂ ಬರೆಯಲಿಲ್ಲ. ಪೆನ್ನಿಗೆ ಕ್ಯಾಪು ಹಾಕಿ ಮೇಜಿನ ಮೇಲಿಟ್ಟು ನನ್ನ ಕೈ ಹಿಡಿದುಕೊಂಡರು.

ಸೀಟು ಹೋಯಿತೆಂದು ತಿಳಿದ ದಿನವೇ ನಾನು ಇವರ ಹತ್ತಿರ ಓಡಬೇಕಿತ್ತು. ಕುಳ್ಳಿ ಬರುವುದಿಲ್ಲ, ನನ್ನ ಹೆಂಡತಿಯನ್ನು ಎಲ್ಲಿಗೂ ಕಳಿಸಬೇಡಿ ಎನ್ನಬೇಕಿತ್ತು. ಅದು ನನಗೆ ಹೊಳೆಯಲಿಲ್ಲ. ಮನೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದೆ.

ಸ್ಟೇಷನ್ನಿಗೆ ಹೋದೆ. ರೈಲು ಬಂತು, ಹತ್ತಲಾಗಲಿಲ್ಲ. ಬಂದು ಅವಳಿಗೆ ಏನೆಂದು ಹೇಳಲಿ? ನೀನು ಹೇಳು. ನಿನಗೆ ಮಾತು ಬರುತ್ತದೆ. ಆ ಹಾಲಿಗೆ ಇನ್ನೊಂದು ದಿನವೂ ಅವಳನ್ನು ಕಳಿಸಬೇಡ. ಬೇರೆ ಮೇಜಾದರೂ ಕೊಡಿಸು. ಅವಳಿಗೆ ಗುರುತು ಸಿಗುವ ಮೊದಲೇ.

ನಿನ್ನ ಭಾವ


ಅಕ್ಟೋಬರ್ 15

ಭಾವನವರಿಗೆ,

ನಿಮ್ಮ ಕಾಗದ ಬಂದ ಸಂಜೆಯೇ ಅವಳನ್ನು ಕೂರಿಸಿಕೊಂಡೆ. ಟೀ ಮಾಡಿಟ್ಟೆ. "ಕುಳ್ಳಿ, ನಿನಗೊಂದು ವಿಷಯ ಹೇಳಬೇಕು, ನಿಮ್ಮಮ್ಮನದು" ಅಂದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ, ಎಲ್ಲಿಂದ ಶುರು ಮಾಡಲಿ ಎಂದು ತಿಳಿಯದೆ ಸಕ್ಕರೆ ಡಬ್ಬಿಯನ್ನು ಅವಳತ್ತ ಸರಿಸಿದೆ. ಅವಳು ಲೋಟ ಕೆಳಗಿಟ್ಟಳು.

"ಅಪ್ಪ ಮದುವೆ ಆಗ್ತಿಲ್ಲ ಅಲ್ವಾ ಚಿಕ್ಕಮ್ಮ?"

ಇಲ್ಲ ಎಂದೆ.

"ಅನ್ಕೊಂಡೆ. ನನ್ನನ್ನ ಹಳೆ ಕಾಲೇಜಿಂದ ದೂರ ಇಡೋಕೆ ಹೇಳಿದ್ದು ಅಂತ ಅನಾಟಮಿ ಹಾಲಿನ ಮೊದಲ ದಿನವೇ ಗೊತ್ತಾಯ್ತು."

ಆಮೇಲೆ ಅವಳೇ ಹೇಳಿದಳು. ಮೊದಲು ಕೈಯ ಪಾಠವಂತೆ. ಮುಖಕ್ಕೆ ಬಟ್ಟೆ ಸುತ್ತಿರುತ್ತದೆ, ತಲೆ ಬೋಳಿಸಿರುತ್ತಾರೆ, ಮದ್ದಿಗೆ ಮೈಬಣ್ಣ ಕಂದಿರುತ್ತದೆ, ಯಾರ ಗುರುತೂ ಸಿಗುವ ಹಾಗಿರುವುದಿಲ್ಲವಂತೆ. ಮೇಜಿನ ಸುತ್ತ ಮಕ್ಕಳು ನಿಂತಿದ್ದರಂತೆ. ಒಬ್ಬ ಹುಡುಗ ಬಲಗೈ ಎತ್ತಿ, ಬೆರಳುಗಳನ್ನು ಒಂದೊಂದಾಗಿ ಬಗ್ಗಿಸಿ ನೋಡುತ್ತಾ ಬಂದನಂತೆ. ಕಿರುಬೆರಳಿಗೆ ಬಂದಾಗ ಬಲ ಹಾಕಿದನಂತೆ.

"'ಅದು ಬಗ್ಗಲ್ಲ, ಬಿಡು' ಅಂದೆ ಚಿಕ್ಕಮ್ಮ. ಮಾತು ಬಾಯಿಂದ ಬಂದ ಮೇಲೆ ನಾನು ಆ ಬೆರಳು ನೋಡಿದ್ದು. ಅವನು 'ನಿಂಗೆ ಹೇಗೆ ಗೊತ್ತು?' ಅಂದ."

"ನೀನೇನಂದೆ?"

"ಉಗುರು ನೋಡಿದೆ. ಬಾಗಿಲು ಬಿದ್ದ ಕಡೆ ಸೀಳು ಹಾಗೇ ಇದೆ."

ಭಾವ, ನಾನು ಜೋರಾಗಿ ಅತ್ತೆ. ಅವಳು ಅಳಲಿಲ್ಲ. ಅಕ್ಕ ಸಹಿ ಹಾಕುವಾಗ ಹೇಳಿದ ಮಾತನ್ನು ತಿಳಿಸಿದೆ. ಬಾಗಿಲ ಕಡೆ ನೋಡಿದ್ದನ್ನೂ ತಿಳಿಸಿದೆ, ಮುಚ್ಚಿಡುವುದು ಸಾಕಾಗಿಹೋಗಿತ್ತು. ಅದನ್ನು ಕೇಳಿದಾಗ ಮಾತ್ರ ಅವಳು ಬಾಗಿಲ ಕಡೆ ತಿರುಗಿ ನೋಡಿದಳು. ಎದ್ದು ಕೋಣೆಗೆ ಹೋಗಿ ಪುಸ್ತಕಗಳನ್ನು ಕಟ್ಟತೊಡಗಿದಳು. ಹಗ್ಗವನ್ನು ಅಂದೇ ಎತ್ತಿಟ್ಟುಕೊಂಡಿದ್ದಳು. ಕಾಲೇಜು ಹಾಸ್ಟೆಲಿನಲ್ಲಿ ಜಾಗ ಕೇಳಿಟ್ಟಿದ್ದಾಳಂತೆ, ನಾವು ಬಾಯಿಬಿಡಲಿ ಎಂದು ಇಲ್ಲಿಯವರೆಗೆ ಕಾದಳಂತೆ.

ನಾನು ಬಾಗಿಲಿಗೆ ಅಡ್ಡ ನಿಂತೆ. ಹಾಸ್ಟೆಲಿಗೆ ಬೇಕಾದರೆ ಹೋಗು, ಆ ಮೇಜು ಬೇಡ, ನಾನೇ ಬಂದು ಪ್ರಿನ್ಸಿಪಾಲರ ಕಾಲು ಹಿಡಿಯುತ್ತೇನೆ, ಬೇರೆ ಮೇಜು ಕೊಡುತ್ತಾರೆ ಎಂದೆ.

"ಆ ಹುಡುಗ ಎಲ್ಲದಕ್ಕೂ ಬಲ ಹಾಕ್ತಾನೆ ಚಿಕ್ಕಮ್ಮ. ನಾನಿದ್ರೆ ಮೆತ್ತಗೆ ಹಿಡಿ ಅಂತೀನಿ. ಕತ್ತರಿಸೋ ಕೆಲಸವೆಲ್ಲ ನಾನೇ ಕೇಳಿ ಇಸ್ಕೊಂಡಿದೀನಿ. ಬೇರೆಯವರಿಗೆ ಬಿಡಲ್ಲ."

"ಅದು ನಿಮ್ಮಮ್ಮ ಕಣೇ!"

"ಗೊತ್ತು. ಅಮ್ಮ ಸಾಯುವಾಗ ನನ್ನನ್ನ ಹತ್ತಿರ ಬಿಡಲಿಲ್ಲ ನೀವಿಬ್ರೂ. ಈಗ ಸಿಕ್ಕಿದ್ದಾಳೆ. ಈಗ್ಲೂ ಬಿಡಲ್ಲ ಅಂತೀರಾ?"

ದಾರಿ ಬಿಟ್ಟೆ.

ಅವಳು ಹೋದಳು. ಸಂಜೆ ನಾನೇ ಬೀಗ ತೆಗೆದು ದೀಪ ಹಾಕಿಕೊಳ್ಳುತ್ತಿದ್ದೇನೆ. ನಿನ್ನೆ ಹಾಸ್ಟೆಲಿಗೆ ಹೋಗಿ ಗೇಟಿನ ಹತ್ತಿರ ನಿಂತು, ಅಪ್ಪ ಬರಬೇಕೆಂದಿದ್ದಾರೆ, ನಿನ್ನನ್ನು ಎಲ್ಲಿ ನೋಡಲಿ ಎಂದು ಕೇಳಿದೆ. ನೀವು ಹಾಗೆ ಬರೆದಿಲ್ಲ, ಗೊತ್ತು. ನಾನೇ ಸೇರಿಸಿ ಹೇಳಿದೆ, ಇದೂ ಒಂದು ಸುಳ್ಳು ನನ್ನ ಲೆಕ್ಕಕ್ಕಿರಲಿ. ಈ ಸಲವಾದರೂ ರೈಲು ಹತ್ತಿ. ಅವಳು ಹೇಳಿದ್ದನ್ನು ಇದ್ದ ಹಾಗೇ ಬರೆಯುತ್ತೇನೆ:

"ಬರೋದಾದ್ರೆ ಬೆಳಿಗ್ಗೆ ಬರಲಿ. ಮಧ್ಯಾಹ್ನ ನಾನು ಸಿಗಲ್ಲ, ಅಮ್ಮನ ಹತ್ತಿರ ಇರ್ತೀನಿ."

ನಿಮ್ಮ ನಾದಿನಿ